ಸೋಲಿಲ್ಲದ ಸರದಾರನಿಗೆ ಎದುರಾಳಿ ಹುಡುಕುವವರು

ಮೊಬೈಲಿನಲ್ಲಿ ಬಾಕ್ಸಿಂಗ್ ತುಣುಕುಗಳನ್ನು ನೋಡುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಅರ್ಧ ನಿಮಿಷದ ವಿಡಿಯೋ. ಒಬ್ಬ ಯುವಕ ಹೊಡೆಯುತ್ತಾನೆ, ಇನ್ನೊಬ್ಬ ಬೀಳುತ್ತಾನೆ, ಕೆಳಗೆ ಗೆದ್ದವನ ದಾಖಲೆ ಮೂಡುತ್ತದೆ: 15 ಪಂದ್ಯ, 15 ಗೆಲುವು, ಸೋಲು ಸೊನ್ನೆ. 'ಸೋಲಿಲ್ಲದ ಸರದಾರ' ಎಂದು ನಾವು ಹೊಗಳಿ ಮುಂದಿನ ವಿಡಿಯೋಗೆ ಹೋಗುತ್ತೇವೆ. ಬಿದ್ದವನ ಹೆಸರನ್ನೂ ಕೇಳುವುದಿಲ್ಲ. ಅವನನ್ನು ಅಲ್ಲಿಗೆ ಕರೆತಂದವರು ಯಾರು, ಅವನನ್ನೇ ಏಕೆ ಕರೆತಂದರು ಎಂಬ ಯೋಚನೆಯಂತೂ ದೂರದ ಮಾತು.

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಗ್ಲೌಸ್ ತೊಟ್ಟವನಲ್ಲ, ಬಾಕ್ಸಿಂಗ್ ನೋಡುವವನು, ಅದರ ಬಗ್ಗೆ ಸಿಕ್ಕಿದ್ದನ್ನು ಓದುವವನು. ಹಾಗೆ ಓದುತ್ತಾ ಹೋದಂತೆ ನನಗೆ ಮನದಟ್ಟಾದ ಒಂದು ವಿಷಯವನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಆ ಸೊನ್ನೆಯ ಅರ್ಧ ಭಾಗವನ್ನು ಕಟ್ಟುವುದು ಬಾಕ್ಸರನ ಮುಷ್ಟಿ. ಉಳಿದರ್ಧವನ್ನು ಕಟ್ಟುವುದು ಕ್ಯಾಮೆರಾದ ಮುಂದೆ ಬಾರದ ಒಬ್ಬ ವ್ಯಕ್ತಿ, ಅವನ ಫೋನು ಮತ್ತು ಅವನ ಲೆಕ್ಕಾಚಾರ. ಎಳೆಯ ಬಾಕ್ಸರನಿಗೆ ಮೊದಮೊದಲು ದುರ್ಬಲ ಎದುರಾಳಿಯನ್ನು ಕೊಡುವುದು ಮೋಸವಲ್ಲ, ಅದು ಪಾಠದ ಕ್ರಮ. ಆದರೆ ಪಾಠ ಮುಂದುವರಿಯದೆ ಸೊನ್ನೆಯನ್ನು ಕಾಯುವುದೇ ಕೆಲಸವಾದಾಗ ಸೋತವನಿಗೂ ನೋಡುವವನಿಗೂ ಅನ್ಯಾಯವಾಗುತ್ತದೆ. ಎಲ್ಲರಿಗಿಂತ ಹೆಚ್ಚು ಅನ್ಯಾಯವಾಗುವುದು ಗೆಲ್ಲುತ್ತಿರುವ ಆ ಹುಡುಗನಿಗೇ.

ಕುಸ್ತಿ ನೋಡಿದವರಿಗೆ ಈ ಕೆಲಸ ಹೊಸದಲ್ಲ. ಮೈಸೂರು ದಸರಾ ಕುಸ್ತಿಗೆ ಮುನ್ನ 'ಜೋಡಿ ಕಟ್ಟುವ' ಕಾರ್ಯಕ್ರಮ ನಡೆಯುತ್ತದೆ. ಪೈಲ್ವಾನರನ್ನು ಕರೆಸಿ, ತೂಕ, ಮೈಕಟ್ಟು, ಅನುಭವ ನೋಡಿ ಯಾರಿಗೆ ಯಾರು ಎಂದು ಹಿರಿಯರು ತೀರ್ಮಾನಿಸುತ್ತಾರೆ. ಜೋಡಿ ಸರಿಯಿದ್ದರೆ ಕುಸ್ತಿ ರಂಗೇರುತ್ತದೆ, ತಪ್ಪಿದರೆ ಅಖಾಡದಲ್ಲಿ ಮಣ್ಣು ಹಾರುವ ಮೊದಲೇ ಎಲ್ಲ ಮುಗಿದಿರುತ್ತದೆ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಈ ಕೆಲಸ ಮಾಡುವವನಿಗೆ ಮ್ಯಾಚ್‌ಮೇಕರ್ ಎನ್ನುತ್ತಾರೆ. ಒಂದು ವ್ಯತ್ಯಾಸವಿದೆ. ಅಖಾಡದ ಹಿರಿಯರು ಇಬ್ಬರು ಪೈಲ್ವಾನರನ್ನೂ ಎದುರಿಗೆ ನಿಲ್ಲಿಸಿಕೊಂಡು ಎಲ್ಲರ ಮುಂದೆ ಜೋಡಿ ಕಟ್ಟುತ್ತಾರೆ. ಮ್ಯಾಚ್‌ಮೇಕರ್‌ಗೆ ಸಂಬಳ ಕೊಡುವವನು ಪ್ರೊಮೋಟರ್. ಆ ಪ್ರೊಮೋಟರ್ ಹಣ ಹೂಡಿರುವುದು ಇಬ್ಬರಲ್ಲಿ ಒಬ್ಬನ ಮೇಲೆ ಮಾತ್ರ.

ಪ್ರೊಮೋಟರ್ ಎಂದರೆ ಸಭಾಂಗಣ ಗೊತ್ತುಮಾಡಿ, ಟಿಕೆಟ್ ಮಾರಿ, ಟಿವಿ ಹಕ್ಕು ಮಾರಿ, ಬಾಕ್ಸರುಗಳಿಗೆ ಹಣ ಕೊಡುವ ವ್ಯಾಪಾರಿ. ಮ್ಯಾನೇಜರ್ ಎಂದರೆ ಬಾಕ್ಸರನ ಪರವಾಗಿ ಚೌಕಾಸಿ ಮಾಡಿ ಅವನ ಹಿತ ಕಾಯಬೇಕಾದವನು. ಇಂಗ್ಲೆಂಡಿನ ಸಣ್ಣ ಸಭಾಂಗಣಗಳ ಪಂದ್ಯಗಳನ್ನು ನೋಡಿದರೆ ಈ ವ್ಯಾಪಾರ ಸುಲಭವಾಗಿ ಅರ್ಥವಾಗುತ್ತದೆ. ರಿಂಗ್‌ನ ಒಂದು ಮೂಲೆ ಊರಿನ ಹುಡುಗನದು, ಇನ್ನೊಂದು ಹೊರಗಿನಿಂದ ಬಂದವನದು. ಊರಿನ ಹುಡುಗ ತನ್ನ ನೆಂಟರಿಷ್ಟರಿಗೆ, ಗೆಳೆಯರಿಗೆ ಟಿಕೆಟ್ ಮಾರುತ್ತಾನೆ. ಹೊರಗಿನವನ ಸಂಭಾವನೆ ಹುಟ್ಟುವುದು ಆ ಹಣದಿಂದಲೇ. ಊರಿನ ಹುಡುಗ ಸೋತರೆ ಮುಂದಿನ ತಿಂಗಳು ಟಿಕೆಟ್ ಕೊಳ್ಳುವವರು ಕಡಿಮೆಯಾಗುತ್ತಾರೆ. ಹೊರಗಿನವನು ಗೆದ್ದುಬಿಟ್ಟರೆ ಅವನನ್ನು ಮತ್ತೆ ಕರೆಯುವವರು ಕಡಿಮೆಯಾಗುತ್ತಾರೆ. ಯಾರೂ ಯಾರಿಗೂ ಲಂಚ ಕೊಟ್ಟಿಲ್ಲ, ಯಾರೂ ಸೋಲೆಂದು ಹೇಳಿಲ್ಲ. ಆದರೂ ಇಬ್ಬರಿಗೂ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಗೊತ್ತು.

ಎದುರಾಳಿಯನ್ನು ಆರಿಸುವಾಗ ಮ್ಯಾಚ್‌ಮೇಕರ್ ನೋಡುವುದು ಗೆಲುವು ಸೋಲಿನ ಪಟ್ಟಿಯನ್ನಷ್ಟೇ ಅಲ್ಲ. ಎತ್ತರ ಎಷ್ಟು, ತೋಳಿನ ಉದ್ದ ಎಷ್ಟು, ಎಡಗೈ ಬಾಕ್ಸರೋ ಬಲಗೈಯವನೋ, ಏಟು ತಿಂದರೆ ನಿಲ್ಲುತ್ತಾನೋ ಕುಸಿಯುತ್ತಾನೋ, ಮುನ್ನುಗ್ಗುವವನೋ ಹಿಂದೆ ಸರಿಯುತ್ತಾ ಆಡುವವನೋ, ಪಂದ್ಯಕ್ಕೆ ಎಷ್ಟು ದಿನ ಮೊದಲು ಕರೆ ಹೋಗುತ್ತದೆ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನಾಲ್ಕು ಸುತ್ತಿನಿಂದ ಆರಕ್ಕೆ, ಎಂಟಕ್ಕೆ, ಹತ್ತಕ್ಕೆ, ಕೊನೆಗೆ ಚಾಂಪಿಯನ್‌ಷಿಪ್‌ನ ಹನ್ನೆರಡಕ್ಕೆ ಹುಡುಗ ಹತ್ತಬೇಕು. ಪ್ರತಿ ಮೆಟ್ಟಿಲಿನಲ್ಲೂ ಬೇರೆ ಬೇರೆ ಬಗೆಯ ಎದುರಾಳಿ ಬೇಕು. ಮೊದಲು ಬೀಳದೆ ಪೂರ್ತಿ ಸುತ್ತು ನಿಲ್ಲುವ ಅನುಭವಿ, ಆಮೇಲೆ ಅಂದಗೆಟ್ಟ ಶೈಲಿಯಿಂದ ತಲೆಕೆಡಿಸುವವನು, ಆಮೇಲೆ ಹೆಸರು ದೊಡ್ಡದಿದ್ದರೂ ವಯಸ್ಸು ಮೀರಿದ ಹಳೆಯ ಹುಲಿ, ಆಮೇಲೆ ನಿಜವಾಗಿ ಹೊಡೆಯಬಲ್ಲವನು. ಒಳ್ಳೆಯ ಮ್ಯಾಚ್‌ಮೇಕರ್ ಒಳ್ಳೆಯ ಮೇಷ್ಟರ ಹಾಗೆ. ವಿದ್ಯಾರ್ಥಿಗೆ ಬರುವ ಲೆಕ್ಕವನ್ನೇ ಮತ್ತೆ ಮತ್ತೆ ಕೊಡುವುದಿಲ್ಲ, ಬಾರದೇ ಇರುವ ಲೆಕ್ಕವನ್ನು ಮೊದಲ ದಿನವೇ ಎದುರಿಗಿಡುವುದೂ ಇಲ್ಲ.

ಇದಕ್ಕೆ ಮುಹಮ್ಮದ್ ಅಲಿ ಅವರ ಮೊದಲ ವರ್ಷಗಳಿಗಿಂತ ಉತ್ತಮ ಉದಾಹರಣೆ ನನಗೆ ಗೊತ್ತಿಲ್ಲ. ಆಗ ಅವರ ಹೆಸರು ಕ್ಯಾಷಿಯಸ್ ಕ್ಲೇ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಮೇಲೆ, 18ನೇ ವಯಸ್ಸಿನಲ್ಲಿ, ಅದೇ ವರ್ಷ ಅಕ್ಟೋಬರ್ 29ರಂದು ಅವರ ಮೊದಲ ವೃತ್ತಿಪರ ಪಂದ್ಯ ನಡೆಯಿತು. ಎದುರಾಳಿ ಟನ್ನಿ ಹನ್ಸೇಕರ್, ವೆಸ್ಟ್ ವರ್ಜೀನಿಯಾದ ಫಯೆಟ್‌ವಿಲ್ ಎಂಬ ಊರಿನ ಪೊಲೀಸ್ ಮುಖ್ಯಸ್ಥ. ಆರು ಸುತ್ತುಗಳೂ ನಡೆದವು, ಕ್ಲೇ ಅಂಕಗಳ ಮೇಲೆ ಗೆದ್ದರು. ಎರಡನೇ ಪಂದ್ಯದ ಹೊತ್ತಿಗೆ ತರಬೇತುದಾರ ಏಂಜಲೊ ಡಂಡಿ ಜೊತೆಯಾದರು. ಮೆಟ್ಟಿಲು ನಿಧಾನವಾಗಿ ಏರಿತು. 1962ರ ಫೆಬ್ರವರಿಯಲ್ಲಿ ಸನ್ನಿ ಬ್ಯಾಂಕ್ಸ್ ಮೊದಲ ಸುತ್ತಿನಲ್ಲೇ ಅವರನ್ನು ನೆಲಕ್ಕೆ ಬೀಳಿಸಿದರು. ಎದ್ದು ನಿಂತು ಗೆಲ್ಲುವುದನ್ನು ಕ್ಲೇ ಅಂದು ಕಲಿತರು. ಅದೇ ನವೆಂಬರಿನಲ್ಲಿ ಎದುರಿಗೆ ಬಂದವರು ನಲವತ್ತು ದಾಟಿದ್ದ ಆರ್ಚಿ ಮೂರ್, ಹಳೆಯ ಹುಲಿ, ಹಿಂದೊಮ್ಮೆ ಕೆಲವು ದಿನ ಕ್ಲೇಗೆ ಪಾಠ ಹೇಳಿದವರು. 1963ರ ಮಾರ್ಚಿನಲ್ಲಿ ಡಗ್ ಜೋನ್ಸ್ ಹತ್ತು ಸುತ್ತು ಬಿಡದೆ ಕಾಡಿದರು. ಗೆಲುವು ಕ್ಲೇಗೆ ಬಂದರೂ ಪ್ರೇಕ್ಷಕರು ಕೂಗಿ ಅಸಮಾಧಾನ ತೋರಿದರು. ಜೂನ್‌ನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಹೆನ್ರಿ ಕೂಪರ್ ಅವರ ಎಡಗೈ ಏಟಿಗೆ ನಾಲ್ಕನೇ ಸುತ್ತಿನ ಕೊನೆಯಲ್ಲಿ ಮತ್ತೊಮ್ಮೆ ನೆಲ ಕಂಡರು, ಐದನೇ ಸುತ್ತಿನಲ್ಲಿ ಗೆದ್ದರು. 1964ರ ಫೆಬ್ರವರಿ 25ರಂದು ಸನ್ನಿ ಲಿಸ್ಟನ್ ಎದುರು ನಿಂತಾಗ ಅವರ ದಾಖಲೆ 19 ಪಂದ್ಯ, 19 ಗೆಲುವು.

ಅಲ್ಲೂ ಒಂದು ಸೊನ್ನೆ ಇತ್ತು. ಆದರೆ ಆ ಸೊನ್ನೆಯೊಳಗೆ ಎರಡು ಬೀಳುವಿಕೆ ಇದ್ದವು, ಕೂಗಾಟದ ನಡುವೆ ಗೆದ್ದ ಒಂದು ಪಂದ್ಯವಿತ್ತು, ತನಗಿಂತ ಜಾಣನಾದ ಮುದುಕನ ಎದುರು ಕಳೆದ ಒಂದು ಸಂಜೆಯಿತ್ತು. ಲಿಸ್ಟನ್ ಎದುರು ಗೆಲ್ಲಲಾರನೆಂದು ಹೆಚ್ಚಿನವರು ಹೇಳುತ್ತಿದ್ದ ದಿನ ಅವರ ಕೈಹಿಡಿದದ್ದು ಸೊನ್ನೆಯಲ್ಲ, ಅದರೊಳಗಿನ ಪಾಠಗಳು.

ಮೈಕ್ ಟೈಸನ್ ಅವರ ಕಥೆಯಲ್ಲಿ ಇನ್ನೊಂದು ಮುಖವಿದೆ. 1985ರ ಮಾರ್ಚಿನಲ್ಲಿ ಶುರುಮಾಡಿದ ಅವರು ಆ ಒಂದೇ ವರ್ಷದಲ್ಲಿ 15 ಪಂದ್ಯ ಆಡಿ, ಹದಿನೈದನ್ನೂ ನಾಕೌಟ್‌ನಲ್ಲಿ ಮುಗಿಸಿದರು. ಹಲವು ಪಂದ್ಯ ಮೊದಲ ಸುತ್ತನ್ನೂ ದಾಟಲಿಲ್ಲ. ಟಿವಿಗೆ ಹಬ್ಬ, ಸರಿ. ಆದರೆ ಎರಡು ನಿಮಿಷದಲ್ಲಿ ಮುಗಿಯುವ ಪಂದ್ಯ ಹತ್ತನೇ ಸುತ್ತಿನಲ್ಲಿ ಉಸಿರು ಹೇಗೆ ಕಾಪಾಡಬೇಕೆಂದು ಕಲಿಸುವುದಿಲ್ಲ. ಅದನ್ನು ಕಲಿಸಿದವರು 1986ರ ಮೇ ತಿಂಗಳಲ್ಲಿ ಬಂದ ಇಬ್ಬರು, ಜೇಮ್ಸ್ ಟಿಲ್ಲಿಸ್ ಮತ್ತು ಮಿಚ್ ಗ್ರೀನ್. ಇಬ್ಬರೂ ಸೋತರು, ಆದರೆ ಹತ್ತು ಸುತ್ತೂ ನಿಂತೇ ಸೋತರು. ಅದೇ ನವೆಂಬರ್ 22ರಂದು, 20ನೇ ವಯಸ್ಸಿನಲ್ಲಿ, ಟೈಸನ್ ಹೆವಿವೇಟ್ ವಿಭಾಗದ ಅತಿ ಕಿರಿಯ ವಿಶ್ವ ಚಾಂಪಿಯನ್ ಆದರು. ಹಿಂದಿನ ಹತ್ತೊಂಬತ್ತು ನಾಕೌಟ್‌ಗಳಿಗಿಂತ ಆ ಇಬ್ಬರು ಸೋತವರೇ ಅವರಿಗೆ ಹೆಚ್ಚು ಕೊಟ್ಟರು ಎಂಬುದು ನನ್ನ ಅಭಿಪ್ರಾಯ.

ಲೆಕ್ಕ ತಪ್ಪಿದರೆ ಏನಾಗುತ್ತದೆ? ಅಮೀರ್ ಖಾನ್ ಅವರನ್ನು ನೋಡಿ. ಪಾಕಿಸ್ತಾನಿ ಮೂಲದ ಕುಟುಂಬದಲ್ಲಿ ಇಂಗ್ಲೆಂಡಿನ ಬೋಲ್ಟನ್‌ನಲ್ಲಿ ಹುಟ್ಟಿದ ಹುಡುಗ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಾಗ ವಯಸ್ಸು 17, ಅಂದರೆ ನಮ್ಮದೇ ವಯಸ್ಸು. ಮರುವರ್ಷ ಪ್ರೊಮೋಟರ್ ಫ್ರಾಂಕ್ ವಾರನ್ ಅವರ ಬಳಗದಲ್ಲಿ ವೃತ್ತಿ ಶುರು. ಮೊದಲ ಪಂದ್ಯ ಸ್ವಂತ ಊರಿನಲ್ಲೇ, ಮೊದಲ ಸುತ್ತಿನಲ್ಲೇ ಗೆಲುವು. ಮೂರು ವರ್ಷದಲ್ಲಿ 18 ಪಂದ್ಯ, 18 ಗೆಲುವು. ಆದರೆ ದಾರಿಯಲ್ಲಿ ಎರಡು ಎಚ್ಚರಿಕೆ ಗಂಟೆ ಬಾರಿಸಿದ್ದವು. 2007ರ ಜುಲೈನಲ್ಲಿ ವಿಲ್ಲಿ ಲಿಮಂಡ್ ಅವರನ್ನು ಬೀಳಿಸಿದ್ದರು. 2008ರ ಜೂನ್‌ನಲ್ಲಿ ಮೈಕಲ್ ಗೋಮೆಜ್ ಮತ್ತೆ ಬೀಳಿಸಿದ್ದರು. ಎರಡೂ ಸಲ ಎದ್ದು ಗೆದ್ದರು, ಸೊನ್ನೆ ಉಳಿಯಿತು. ಸೊನ್ನೆ ಉಳಿದದ್ದರಿಂದ ಗಂಟೆಯ ಸದ್ದು ಹೊರಗಿನವರಿಗೆ ಕೇಳಿಸಲಿಲ್ಲ.

2008ರ ಸೆಪ್ಟೆಂಬರ್ 6ರಂದು ಮ್ಯಾಂಚೆಸ್ಟರ್‌ನಲ್ಲಿ ಅವರ ಎದುರಿಗೆ ನಿಂತವರು ಕೊಲಂಬಿಯಾದ ಬ್ರೀಡಿಸ್ ಪ್ರೆಸ್ಕಾಟ್. ಹೆಸರು ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಆದರೆ ದಾಖಲೆ ಓದಲು ಬರುವವರಿಗೆ ಎಲ್ಲವೂ ಅಲ್ಲೇ ಇತ್ತು: 19 ಪಂದ್ಯ, 19 ಗೆಲುವು, ಅದರಲ್ಲಿ 17 ನಾಕೌಟ್. ಹೊಸ ತರಬೇತುದಾರರ ಜೊತೆ ಖಾನ್ ಅವರಿಗೆ ಅದು ಮೊದಲ ಪಂದ್ಯ. 54 ಸೆಕೆಂಡಿನಲ್ಲಿ ಮುಗಿಯಿತು. ಏಟಿಗೆ ಕುಸಿಯುವ ದೌರ್ಬಲ್ಯ ಎರಡು ಸಲ ಕಂಡಿರುವ ಹುಡುಗನಿಗೆ ಹೊಡೆಯುವುದನ್ನೇ ಬದುಕಾಗಿಸಿಕೊಂಡವನನ್ನು ಜೋಡಿ ಕಟ್ಟಿದ್ದರು. ಎದುರಾಳಿ ಬಲಶಾಲಿಯಾಗಿದ್ದದ್ದು ತಪ್ಪಲ್ಲ. ಹುಡುಗ ಇನ್ನೂ ಕಲಿಯದ ಪಾಠದ ಮೇಲೆಯೇ ವಾರ್ಷಿಕ ಪರೀಕ್ಷೆ ಇಟ್ಟದ್ದು ತಪ್ಪು.

ಮುಂದೆ ಆದದ್ದು ಇನ್ನೂ ಮುಖ್ಯ. ಖಾನ್ ಲಾಸ್ ಏಂಜಲೀಸ್‌ಗೆ ಹೋಗಿ ತರಬೇತುದಾರ ಫ್ರೆಡ್ಡಿ ರೋಚ್ ಬಳಿ ಸೇರಿದರು. ಡಿಸೆಂಬರಿನಲ್ಲಿ ಸುಲಭದ ಎದುರಾಳಿ, ಮಾರ್ಚಿನಲ್ಲಿ ಮೆಕ್ಸಿಕೋದ ಹಳೆಯ ಹುಲಿ ಮಾರ್ಕೊ ಆಂಟೋನಿಯೊ ಬರ್ರೇರಾ, ಹೀಗೆ ಮೆಟ್ಟಿಲನ್ನು ಮತ್ತೆ ಕೆಳಗಿನಿಂದ ಕಟ್ಟಿದರು. 2009ರ ಜುಲೈ 18ರಂದು ಆಂಡ್ರಿಯಾಸ್ ಕೊಟೆಲ್ನಿಕ್ ಅವರನ್ನು ಅಂಕಗಳ ಮೇಲೆ ಸೋಲಿಸಿ, 22ನೇ ವಯಸ್ಸಿನಲ್ಲಿ ವಿಶ್ವ ಚಾಂಪಿಯನ್ ಆದರು. ಸೋತು ಹನ್ನೊಂದು ತಿಂಗಳೂ ತುಂಬಿರಲಿಲ್ಲ. ಅವರನ್ನು 54 ಸೆಕೆಂಡಿನಲ್ಲಿ ಮಲಗಿಸಿದ ಪ್ರೆಸ್ಕಾಟ್ ಎಂದೂ ವಿಶ್ವ ಚಾಂಪಿಯನ್ ಆಗಲಿಲ್ಲ. ಸೊನ್ನೆ ಒಡೆದರೆ ಬದುಕು ಮುಗಿಯಿತು ಎಂದು ಹೇಳುವವರು ಈ ಎರಡು ಹೆಸರುಗಳನ್ನು ಅಕ್ಕಪಕ್ಕ ಬರೆದು ನೋಡಲಿ.

ಈಗ ಎದುರು ಮೂಲೆಗೆ ಬರುತ್ತೇನೆ. ಖಾನ್ ಸೋತ ಎರಡು ತಿಂಗಳೊಳಗೆ, 2008ರ ಅಕ್ಟೋಬರ್ 31ರಂದು, ಬರ್ಮಿಂಗ್‌ಹ್ಯಾಮ್‌ನ ಪೀಟರ್ ಬಕ್ಲಿ ತಮ್ಮ 300ನೇ ಮತ್ತು ಕೊನೆಯ ಪಂದ್ಯ ಆಡಿದರು. ಅವರ ಒಟ್ಟು ಲೆಕ್ಕ: 32 ಗೆಲುವು, 256 ಸೋಲು, 12 ಸಮ. ಕೊನೆಯ ಪಂದ್ಯದಲ್ಲಿ ಗೆದ್ದರು. ನಗಬೇಡಿ. ಮುಂದೆ ವಿಶ್ವ ಚಾಂಪಿಯನ್ ಆದ, ಯೆಮನ್ ಮೂಲದ ನಸೀಮ್ ಹಮೇದ್ ಎಳೆಯರಾಗಿದ್ದಾಗ ಎರಡು ಸಲ ಎದುರಿಸಿದ್ದು ಇದೇ ಬಕ್ಲಿಯನ್ನು. ಎಷ್ಟೋ ಹುಡುಗರು ತಮ್ಮ ಮೊದಲ ಪಾಠ ಕಲಿತದ್ದು ಇಂಥವರ ಎದುರು. ತಲೆ ಹೇಗೆ ಸರಿಸಬೇಕು, ಅಪ್ಪಿಕೊಂಡು ಹೇಗೆ ಸುಧಾರಿಸಿಕೊಳ್ಳಬೇಕು, ಮೋಸದ ಹೆಜ್ಜೆ ಹೇಗಿರುತ್ತದೆ ಎಂಬುದನ್ನು ರಿಂಗ್‌ನೊಳಗೇ ಕಲಿಸಿ, ಅಂಕಗಳಲ್ಲಿ ಸೋತು, ಚೆಕ್ ಪಡೆದು ಮನೆಗೆ ಹೋಗುವುದು ಅವರ ವೃತ್ತಿ. ನಾಕೌಟ್ ಆದರೆ ಕೆಲವು ವಾರ ರಿಂಗ್ ಹತ್ತುವಂತಿಲ್ಲ, ಆ ವಾರಗಳ ಸಂಪಾದನೆ ಹೋಯಿತು. ಆದ್ದರಿಂದ ಬೀಳದೆ ಸೋಲುವುದೇ ಅವರ ವಿದ್ಯೆ. ಇಂಗ್ಲೆಂಡಿನಲ್ಲಿ ಇಂಥವರನ್ನು 'ಜರ್ನಿಮ್ಯಾನ್' ಎನ್ನುತ್ತಾರೆ, ಅಂದರೆ ದಿನಗೂಲಿಯ ನುರಿತ ಕೆಲಸಗಾರ. ಆ ಮಾತಿನಲ್ಲಿ ತಿರಸ್ಕಾರವಿಲ್ಲ. ತಿರಸ್ಕಾರವಿರುವುದು ನಮ್ಮ ಕಾಮೆಂಟುಗಳಲ್ಲಿ.

ಆದರೆ ಈ ವಿದ್ಯೆಗೆ ಒಂದು ಮಿತಿಯಿದೆ. ಅಲಿಯ ಮೊದಲ ಎದುರಾಳಿ ಹನ್ಸೇಕರ್ 1962ರಲ್ಲಿ ಇನ್ನೊಂದು ಪಂದ್ಯದ ನಂತರ ದಿನಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿದರು. ಬದುಕಿ ಉಳಿದರು, ಆದರೆ ಮತ್ತೆ ರಿಂಗ್ ಹತ್ತಲಿಲ್ಲ. ತನ್ನನ್ನು ಕಾಪಾಡಿಕೊಳ್ಳಬಲ್ಲ ಅನುಭವಿಯನ್ನು ಕರೆಯುವುದು ಬೇರೆ. ಎರಡು ದಿನದ ಮುನ್ಸೂಚನೆಯಲ್ಲಿ, ತಯಾರಿಯಿಲ್ಲದ, ಹಣದ ತುರ್ತಿರುವ ಒಬ್ಬನನ್ನು ವಿಡಿಯೋಗೆ ಒಳ್ಳೆಯ ನಾಕೌಟ್ ಬೇಕೆಂದು ಕರೆಯುವುದು ಬೇರೆ. ಮೊದಲನೆಯದು ವೃತ್ತಿ, ಎರಡನೆಯದು ಹಸಿವಿನ ದುರುಪಯೋಗ. ಎರಡರ ದಾಖಲೆಯೂ ಕಾಗದದ ಮೇಲೆ ಒಂದೇ ಥರ ಕಾಣುತ್ತದೆ: ಒಬ್ಬನ ಗೆಲುವು, ಒಬ್ಬನ ಸೋಲು.

ಇದನ್ನು ತಡೆಯಲು ಕಾನೂನು ಇಲ್ಲವೇ ಎಂದು ಕೇಳಬಹುದು. ಅಮೆರಿಕದಲ್ಲಿ 2000ರಲ್ಲಿ ಅಲಿಯ ಹೆಸರಿನಲ್ಲೇ ಒಂದು ಬಾಕ್ಸಿಂಗ್ ಸುಧಾರಣಾ ಕಾಯ್ದೆ ಬಂತು. ಪ್ರೊಮೋಟರ್ ಮತ್ತು ಮ್ಯಾನೇಜರ್ ಒಬ್ಬನೇ ಆಗಿರಬಾರದು, ಒಬ್ಬರ ಲಾಭದಲ್ಲಿ ಇನ್ನೊಬ್ಬರಿಗೆ ಪಾಲಿರಬಾರದು ಎಂಬುದು ಅದರ ಮುಖ್ಯ ಮಾತುಗಳಲ್ಲೊಂದು. ನಮ್ಮ ವ್ಯವಹಾರ ಅಧ್ಯಯನದ ಭಾಷೆಯಲ್ಲಿ ಹೇಳುವುದಾದರೆ ಮಾರುವವನೂ ಕೊಳ್ಳುವವನ ಪ್ರತಿನಿಧಿಯೂ ಒಬ್ಬನೇ ಆಗಬಾರದು. ಒಳ್ಳೆಯ ನಿಯಮ. ಆದರೆ ಈ ಗೋಡೆ ಅನ್ವಯಿಸುವುದು ಹತ್ತು ಅಥವಾ ಹೆಚ್ಚು ಸುತ್ತಿನ ಪಂದ್ಯ ಆಡುವವರಿಗೆ ಮಾತ್ರ. ನಾಲ್ಕು, ಆರು ಸುತ್ತು ಆಡುವ ಹೊಸ ಹುಡುಗನಿಗೆ, ಅವನ ಎದುರು ಸೋಲಲು ಬಂದವನಿಗೆ, ಈ ಗೋಡೆಯ ನೆರಳಿಲ್ಲ. ರಕ್ಷಣೆ ಹೆಚ್ಚು ಬೇಕಾದವರಿಗೇ ಅದು ಸಿಗುತ್ತಿಲ್ಲ ಎಂಬುದು ನನಗೆ ಕಾಣುವ ದೊಡ್ಡ ಕೊರತೆ.

ನಮ್ಮ ದೇಶಕ್ಕೂ ಈ ಮಾತು ಸೇರುತ್ತದೆ. ಬೀಜಿಂಗ್ ಒಲಿಂಪಿಕ್ಸ್‌ನ ಕಂಚಿನ ಪದಕ ವಿಜೇತ ವಿಜೇಂದರ್ ಸಿಂಗ್ 2015ರ ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ವೃತ್ತಿಪರರಾದರು. ಸಾಲಾಗಿ 12 ಪಂದ್ಯ ಗೆದ್ದರು. 2016ರ ಜುಲೈನಲ್ಲಿ ದೆಹಲಿಯಲ್ಲಿ ಕೆರ್ರಿ ಹೋಪ್ ಎದುರು ಹತ್ತು ಸುತ್ತು ಆಡಿ ಗೆದ್ದದ್ದು ಅವುಗಳಲ್ಲಿ ಒಂದು. 2021ರ ಮಾರ್ಚಿನಲ್ಲಿ ಗೋವಾದಲ್ಲಿ ರಷ್ಯಾದ ಆರ್ಟಿಶ್ ಲೋಪ್ಸನ್ ಎದುರು ಮೊದಲ ಸಲ ಸೋತರು. ಅವರ ಶ್ರಮವನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಆ ಆರು ವರ್ಷ ನಾವು ಎಣಿಸಿದ್ದು ಗೆಲುವುಗಳನ್ನು ಮಾತ್ರ. ಈ ಪಂದ್ಯ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಮೇಲಿದೆಯೇ ಎಂದು ಕೇಳಿದವರು ಕಡಿಮೆ. ನೋಡುವವರು ಕೇಳದಿದ್ದರೆ ಮಾರುವವರು ಏಕೆ ಹೇಳುತ್ತಾರೆ?

ಮುಖಕ್ಕೆ ಹೊಡೆಯುವ ಆಟವೇ ಬೇಡ ಎನ್ನುವ ಹಿರಿಯರು ನಮ್ಮ ನಡುವೆ ಇದ್ದಾರೆ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆಟ ನಡೆಯುತ್ತಲೇ ಇದೆ, ನಾವು ನೋಡುತ್ತಲೇ ಇದ್ದೇವೆ, ನಮ್ಮ ಒಂದೊಂದು ಲೈಕ್‌ನಿಂದಲೂ ಯಾರಿಗೋ ದುಡ್ಡು ಹೋಗುತ್ತಿದೆ. ಹಾಗಿರುವಾಗ ಕಣ್ಣು ತೆರೆದು ನೋಡುವುದು ಕನಿಷ್ಠ ಕರ್ತವ್ಯ. ಸೋಲಿಲ್ಲದವನು ಎಂದು ಹೊಗಳುವ ಮೊದಲು ಮೂರು ಪ್ರಶ್ನೆ ಕೇಳೋಣ. ಎದುರಾಳಿ ಯಾರು? ಅವನಿಗೆ ತಯಾರಿಗೆ ಎಷ್ಟು ಸಮಯ ಸಿಕ್ಕಿತ್ತು? ಈ ಪಂದ್ಯದಿಂದ ಗೆದ್ದವನು ಹೊಸದಾಗಿ ಕಲಿತದ್ದೇನು? ಮೂರಕ್ಕೂ ಉತ್ತರವಿಲ್ಲದಿದ್ದರೆ ನಾವು ನೋಡಿದ್ದು ಪಂದ್ಯವಲ್ಲ, ಜಾಹೀರಾತು.

ಕೊನೆಯ ಮಾತು ನಮ್ಮ ಕಾಲೇಜಿನ ಬಗ್ಗೆ. ನಾವೆಲ್ಲ ದಿನವೂ ನಮಗೆ ನಾವೇ ಮ್ಯಾಚ್‌ಮೇಕರ್‌ಗಳು. ಪರೀಕ್ಷೆಗೆ ಮುನ್ನ ಗೊತ್ತಿರುವ ಅಧ್ಯಾಯದ ಪ್ರಶ್ನೆಗಳನ್ನೇ ಮತ್ತೆ ಬರೆದು ನೂರಕ್ಕೆ ನೂರು ಎಂದು ಬೀಗುವವನು ಸೊನ್ನೆ ಕಾಯುತ್ತಿದ್ದಾನೆ. ಹತ್ತರಲ್ಲಿ ನಾಲ್ಕು ತಪ್ಪುವ ಪತ್ರಿಕೆ ತೆಗೆದುಕೊಂಡವನು ಮೆಟ್ಟಿಲು ಹತ್ತುತ್ತಿದ್ದಾನೆ. ಆಟದ ಮೈದಾನದಲ್ಲಿ ಜೋಡಿ ಕಟ್ಟುವ ದೈಹಿಕ ಶಿಕ್ಷಕರಲ್ಲಿ, ತಂಡದ ನಾಯಕರಲ್ಲಿ ನನ್ನ ವಿನಂತಿ ಇಷ್ಟೇ: ಕಬಡ್ಡಿಗಾಗಲಿ ಕುಸ್ತಿಗಾಗಲಿ, ಜಿಲ್ಲಾ ಮಟ್ಟದಲ್ಲಿ ಆಡಿದವನ ಎದುರು ನಿನ್ನೆ ಸೇರಿದ ಪ್ರಥಮ ಪಿಯುಸಿ ಹುಡುಗನನ್ನು ನಗೆಗಾಗಿ ನಿಲ್ಲಿಸಬೇಡಿ. ಬಲ್ಲವನನ್ನು ಅವನಿಗಿಂತ ತುಸು ಹೆಚ್ಚು ಬಲ್ಲವನ ಎದುರು ನಿಲ್ಲಿಸಿ. ಹೊಸಬನನ್ನು ಅವನಿಗೆ ಕಲಿಸಬಲ್ಲವನ ಎದುರು ನಿಲ್ಲಿಸಿ. ಪಂದ್ಯ ಮುಗಿದ ಮೇಲೆ ಗೆದ್ದವನ ಹೆಸರಿನ ಜೊತೆ ಸೋತವನ ಹೆಸರನ್ನೂ ಫಲಕದ ಮೇಲೆ ಬರೆಯಿರಿ. ಅವನಿಲ್ಲದೆ ಪಂದ್ಯವೇ ಇರುತ್ತಿರಲಿಲ್ಲ.